ಡಿಎನ್‌ಪಿ ಎಂಬ ನರ್ಸಿಂಗ್ ಡಾಕ್ಟರೇಟ್ ಈಗಲೇ ಬೇಕೇ? ನಾನು ಲೆಕ್ಕ ಹಾಕಿದ ರೀತಿ

ಅಮೆರಿಕದ ಐಸಿಯು ಒಂದರಲ್ಲಿ ರಾತ್ರಿ ಪಾಳಿ. ವೆಂಟಿಲೇಟರ್ ಮೇಲಿದ್ದ ರೋಗಿಯ ಉಸಿರಿನ ಒತ್ತಡದ ಅಲಾರಂ ಬಡಿದುಕೊಳ್ಳುತ್ತಿತ್ತು. ಕಫ ಸಕ್ಷನ್ ಮಾಡಿದೆ, ಕೊಳವೆ ಮಡಚಿದೆಯೇ ಎಂದು ನೋಡಿದೆ, ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಸಿಳ್ಳೆಯಂಥ ಸದ್ದು. ನೆಬ್ಯುಲೈಸರ್ ಬೇಕೆಂದು ನನಗೆ ಗೊತ್ತು, ಆದೇಶ ಬರೆಯುವ ಅಧಿಕಾರ ಮಾತ್ರ ನನ್ನದಲ್ಲ. ಇಪ್ಪತ್ತು ನಿಮಿಷ ಫೋನಿಗೆ ಕಾದೆ. ಅಂಥ ಆದೇಶ ಬರೆಯಬಲ್ಲ ನರ್ಸ್, ಅಂದರೆ ನರ್ಸ್ ಪ್ರಾಕ್ಟೀಷನರ್ ಆಗಬೇಕೆಂಬ ಆಸೆ ಗಟ್ಟಿಯಾದದ್ದು ಆವತ್ತು.

ಆದರೆ ಪಾಳಿ ಬದಲಾಗುವ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘2025 ಆದ ಮೇಲೆ ಎಂಎಸ್‌ಎನ್ ನಡೆಯುವುದಿಲ್ಲ, ಡಿಎನ್‌ಪಿ ಬೇಕೇ ಬೇಕು.’ ಎಂಎಸ್‌ಎನ್ ಎಂದರೆ ನರ್ಸಿಂಗ್ ಸ್ನಾತಕೋತ್ತರ ಪದವಿ. ಹೇಳಿದವರಲ್ಲಿ ಒಬ್ಬರೂ ಆ ನಿಯಮವನ್ನು ಓದಿರಲಿಲ್ಲ. ಊರಿಗೆ ಫೋನ್ ಮಾಡಿದರೆ ಅಮ್ಮನದು ಬೇರೆಯೇ ರಾಗ: ‘ಡಾಕ್ಟರೇಟ್ ಓದುವವಳು ಆಗಲೇ ಎಂಬಿಬಿಎಸ್ ಮಾಡಬಹುದಿತ್ತಲ್ಲೇ!’

ನಾನೇ ಕುಳಿತು ಓದಿದೆ. ನರ್ಸಿಂಗ್ ಕಾಲೇಜುಗಳ ಸಂಘವಾದ ಎಎಸಿಎನ್ 2004ರಲ್ಲಿ, 2015ರ ಹೊತ್ತಿಗೆ ನರ್ಸ್ ಪ್ರಾಕ್ಟೀಷನರ್‌ನಂಥ ಹುದ್ದೆಗಳ ಓದು ಡಾಕ್ಟರೇಟ್ ಮಟ್ಟಕ್ಕೆ ಏರಲಿ ಎಂದಿತ್ತು. 2015 ಬಂತು, ಹೋಯಿತು. ನರ್ಸ್ ಪ್ರಾಕ್ಟೀಷನರ್ ಅಧ್ಯಾಪಕರ ಸಂಘಟನೆ ಎನ್‌ಒಎನ್‌ಪಿಎಫ್ 2018ರಲ್ಲಿ ಅದನ್ನೇ 2025ಕ್ಕೆ ಇಟ್ಟಿತು. ಎರಡೂ ಶಿಫಾರಸುಗಳೇ. ಪರವಾನಗಿ ಕೊಡುವುದು ಆಯಾ ರಾಜ್ಯದ ನರ್ಸಿಂಗ್ ಮಂಡಳಿ. ಎಂಎಸ್‌ಎನ್ ಮುಗಿಸಿದವರೂ ಡಿಎನ್‌ಪಿ ಮುಗಿಸಿದವರೂ ಬರೆಯುವ ಪ್ರಮಾಣೀಕರಣ ಪರೀಕ್ಷೆ ಒಂದೇ.

ಅರಿವಳಿಕೆ ಕೊಡುವ ನರ್ಸ್ ಆಗುವ ದಾರಿ ಹಿಡಿದ ಗೆಳತಿಗೆ ಈ ಸಮಾಧಾನ ಇರಲಿಲ್ಲ. ಅಲ್ಲಿ ಮಾನ್ಯತೆ ಕೊಡುವ ಮಂಡಳಿಯೇ 2022ರಿಂದ ಸೇರುವವರೆಲ್ಲ ಡಾಕ್ಟರೇಟ್ ಕೋರ್ಸಿಗೇ ಸೇರಬೇಕೆಂದು ಕಟ್ಟುನಿಟ್ಟು ಮಾಡಿದೆ. ಮಾನ್ಯತೆ ಇಲ್ಲದ ಕಾಲೇಜಿನಲ್ಲಿ ಓದಿದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಕನಿಷ್ಠ ಮೂರು ವರ್ಷದ ಓದು. ಅವಳು ಮರುಮಾತಿಲ್ಲದೆ ಸೇರಿದಳು. ಯಾರು ಹೇಳಿದರು ಎನ್ನುವುದಕ್ಕಿಂತ, ಹೇಳಿದವರ ಕೈಯಲ್ಲಿ ಏನನ್ನು ತಡೆಯುವ ಅಧಿಕಾರವಿದೆ ಎಂದು ಆಮೇಲೆ ನಾನು ಕೇಳತೊಡಗಿದೆ.

ನಾನು ನೋಡಿದ ಡಿಎನ್‌ಪಿ ಪಠ್ಯಗಳಲ್ಲಿ ಹೆಚ್ಚಿಗೆ ಇದ್ದದ್ದು ಗುಣಮಟ್ಟ ಸುಧಾರಣೆ, ಆರೋಗ್ಯ ನೀತಿ, ಕೊನೆಗೊಂದು ಪ್ರಾಜೆಕ್ಟ್. ವಿಭಾಗ ನಡೆಸುವವರಿಗೆ, ಪಾಠ ಹೇಳುವವರಿಗೆ ಬೇಕಾದ ವಿದ್ಯೆಯೇ. ನನಗೆ ಆಗ ಬೇಕಿದ್ದದ್ದು ಆ ನೆಬ್ಯುಲೈಸರ್ ಆದೇಶ ಬರೆಯುವ ಕೈ. ಎಂಎಸ್‌ಎನ್‌ಗೆ ಸೇರಿದೆ.

ಎಡವಿದ್ದು ಗಂಟೆಗಳ ವಿಷಯದಲ್ಲಿ. ಮೊದಲು ಮೆಚ್ಚಿದ ಕಾಲೇಜು 600 ಗಂಟೆ ಕ್ಲಿನಿಕಲ್ ಕೆಲಸ ಸಾಕೆಂದಿತ್ತು. ಹಿಂದಿನ ಕನಿಷ್ಠ ಮಿತಿ 500 ಆಗಿದ್ದರಿಂದ ನಾನೂ ತಲೆ ಕೆಡಿಸಿಕೊಂಡಿರಲಿಲ್ಲ. ನರ್ಸ್ ಪ್ರಾಕ್ಟೀಷನರ್ ಕೋರ್ಸುಗಳ 2022ರ ಹೊಸ ಮಾನದಂಡ ಅದನ್ನು 750ಕ್ಕೆ ಏರಿಸಿತು. ಬಿಡುವಿಗೆಂದು ಇಟ್ಟುಕೊಂಡಿದ್ದ ಬೇಸಿಗೆ ಪೂರ್ತಿ ಆ 150 ಗಂಟೆಗಳಿಗೇ ಹೋಯಿತು.

ಬೈದುಕೊಂಡೇ ಮಾಡಿದ ಆ ಕೆಲಸ ವ್ಯರ್ಥವಾಗುವುದಿಲ್ಲ. ಮುಂದೆ ಸೇರಬಹುದಾದ ಡಿಎನ್‌ಪಿ ಕೋರ್ಸ್ ಕೇಳುವುದು ಬಿಎಸ್‌ಎನ್ (ನರ್ಸಿಂಗ್ ಪದವಿ) ನಂತರದ 1,000 ಗಂಟೆ, ಎಂಎಸ್‌ಎನ್‌ನಲ್ಲಿ ಮಾಡಿದ್ದೂ ಅದರಲ್ಲಿ ಸೇರುತ್ತದೆ. ಆದರೆ ದಾಖಲೆ ಬೇಕು. ಹಾಗಾಗಿ ಪ್ರತಿ ಶುಕ್ರವಾರ, ಕ್ಲಿನಿಕಲ್ ಕೆಲಸ ಕಲಿಸುವ ಪ್ರಿಸೆಪ್ಟರ್ ಮುಂದೆ ಹಾಳೆ ಹಿಡಿದು ನಿಲ್ಲುತ್ತಿದ್ದೆ. ‘ಮತ್ತೆ ಬಂದೆಯಾ?’ ಎಂದು ನಗುತ್ತಲೇ ಅವರು ಸಹಿ ಹಾಕುತ್ತಿದ್ದರು. ಕಪಾಟಿನಲ್ಲಿರುವ ನೀಲಿ ಕಡತದಲ್ಲಿ ಈಗ 762 ಗಂಟೆಗಳಿವೆ, ಒಂದೊಂದು ಹಾಳೆಯ ಕೆಳಗೂ ಅವರ ಸಹಿ.