ಸುತ್ತಿಗೆಗಿಂತ ಮೊದಲು ನಕ್ಷೆ: ಮುಂಬಯಿ ಫ್ಲ್ಯಾಟಿನ ರಿನೋವೇಶನ್ನಿಗೆ ಪರವಾನಗಿ

ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಗೆ ನಾನು ಸೆಕ್ರೆಟರಿ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಅಂಟಿಕೊಂಡ, ಸಂಬಳವಿಲ್ಲದ ನೌಕರಿ. ಗಣಪತಿ ಮುಗಿದು ದೀಪಾವಳಿ ಹತ್ತಿರ ಬಂತು ಅಂದರೆ ರಿನೋವೇಶನ್ ಅರ್ಜಿಗಳು ಶುರು. ನಮ್ಮೂರ ಕಡೆಯ ಹುಡುಗರಾದರೆ ನೇರ ಫೋನು. "ಮಾಮ, ಕಿಚನ್ ಒಂಚೂರು ದೊಡ್ಡದು ಮಾಡ್ಬೇಕು. ಬಿಎಂಸಿ ಪರ್ಮಿಷನ್ ಬೇಕಾ?" ನಾನು ತಿರುಗಿ ಕೇಳುವುದು ಒಂದೇ: "ಪಾಸಾದ ನಕ್ಷೆ ನೋಡಿದ್ದೀಯೇನಪ್ಪ?"

ಹೆಚ್ಚಿನವರು ನೋಡಿರುವುದಿಲ್ಲ. ಬ್ರೋಕರ್ ಕೊಟ್ಟ ಬಣ್ಣದ ಚಿತ್ರವೇ ನಕ್ಷೆ ಅಂದುಕೊಂಡಿರುತ್ತಾರೆ. ಬಿಎಂಸಿ, ಅಂದರೆ ಮುಂಬಯಿ ಮಹಾನಗರ ಪಾಲಿಕೆ, ಲೆಕ್ಕಕ್ಕೆ ತೆಗೆದುಕೊಳ್ಳುವುದು ತಾನು ಮಂಜೂರು ಮಾಡಿದ ನಕ್ಷೆಯನ್ನು ಮಾತ್ರ. ಅದು ಸೊಸೈಟಿ ಆಫೀಸಿನ ಕಪಾಟಿನಲ್ಲಿ, ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಎಂದು ಪಾಲಿಕೆ ಕೊಡುವ ಪ್ರಮಾಣಪತ್ರ) ಕಾಗದದ ಜೊತೆ ಇರಬೇಕು. ಇಲ್ಲದಿದ್ದರೆ ಪಾಲಿಕೆಯ ಬಿಲ್ಡಿಂಗ್ ಪ್ರಪೋಸಲ್ ವಿಭಾಗಕ್ಕೆ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕಾನೂನಿನ ಪ್ರಕಾರ 30 ದಿನದೊಳಗೆ ಉತ್ತರ ಕೊಡಬೇಕು. ಮಿಸ್ತ್ರಿಗೆ ಅಡ್ವಾನ್ಸ್ ಕೊಡುವುದು ಆಮೇಲೆ.

ನಕ್ಷೆ ಕೈಗೆ ಬಂದ ಮೇಲೆ ಟೇಪು ಹಿಡಿದು ಮನೆ ಅಳೆಯಿರಿ. ಇದೇನು ಸುಮ್ನೆ ಶಾಸ್ತ್ರಕ್ಕೆ ಹೇಳುವ ಮಾತಲ್ಲ. ರೀಸೇಲ್ ಫ್ಲ್ಯಾಟ್ ಕೊಂಡ ಒಬ್ಬ ಹುಡುಗನ ಜೊತೆ ನಾನೇ ಕೂತು ಅಳೆದಿದ್ದೆ. ನಕ್ಷೆಯಲ್ಲಿ ಹಾಲ್ ಕಿಟಕಿಯ ಹತ್ತಿರವೇ ಮುಗಿದಿತ್ತು. ಅದರಾಚೆ ಸಣ್ಣದೊಂದು ಪಟ್ಟಿ, ಅದರ ಮೇಲೆ 'ಎಫ್.ಬಿ.' ಎಂದು ಬರೆದಿತ್ತು, ಅಂದರೆ ಹೂಕುಂಡ ಇಡುವ ಜಾಗ. ಮನೆಯಲ್ಲಿ ನೋಡಿದರೆ ಟೈಲ್ಸ್ ಗ್ರಿಲ್‌ವರೆಗೂ ಹೋಗಿತ್ತು, ಸೋಫಾ ಆ ಪಟ್ಟಿಯ ಮೇಲೇ ಕೂತಿತ್ತು. "ಇದು ನಾನು ಮಾಡಿದ್ದಲ್ಲ ಮಾಮ, ಹಿಂದಿನವರು ಮಾಡಿದ್ದು" ಅಂದ. ನಿಜ. ಆದರೆ ನೋಟಿಸು ಬರುವುದು ಈಗ ಮನೆಯಲ್ಲಿರುವವರಿಗೇ ಅಲ್ವಾ?

2012ರ ಜನವರಿಗೆ ಮುಂಚೆ ಇಂಥ ಫ್ಲವರ್ ಬೆಡ್‌ಗಳು ಎಫ್‌ಎಸ್‌ಐ, ಅಂದರೆ ಒಂದು ಜಾಗದಲ್ಲಿ ಎಷ್ಟು ಕಟ್ಟಬಹುದು ಎಂಬ ಮಿತಿಯ, ಲೆಕ್ಕಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಬಿಲ್ಡರುಗಳು ಧಾರಾಳವಾಗಿ ಕೊಟ್ಟರು, ಜನ ಅಷ್ಟೇ ಧಾರಾಳವಾಗಿ ಹಾಲಿಗೆ ಸೇರಿಸಿಕೊಂಡರು. ಸರಿಪಡಿಸಲು ಎರಡೇ ದಾರಿ. ಮೊದಲಿದ್ದ ಹಾಗೆ ಮಾಡುವುದು ಒಂದು. ಇಲ್ಲವೇ ಆರ್ಕಿಟೆಕ್ಟ್ ಮೂಲಕ ಸಕ್ರಮಕ್ಕೆ ಅರ್ಜಿ ಹಾಕಿ, ಫಂಜಿಬಲ್ ಎಫ್‌ಎಸ್‌ಐ (ಮಿತಿಯ ಮೇಲೆ ಸಿಗುವ ಹೆಚ್ಚುವರಿ) ಉಳಿದಿದ್ದರೆ ಪ್ರೀಮಿಯಂ ಕಟ್ಟುವುದು. ವಸತಿ ಕಟ್ಟಡಕ್ಕೆ ಅದು ಶೇ. 35ರವರೆಗೆ ಇದೆ. ಆದರೆ ಅದು ನಿಮ್ಮೊಬ್ಬರ ಆಸ್ತಿಯಲ್ಲ, ಸೊಸೈಟಿ ಒಪ್ಪಬೇಕು.

ಇನ್ನು ಯಾವುದಕ್ಕೆ ಪರವಾನಗಿ ಬೇಕು, ಯಾವುದಕ್ಕೆ ಬೇಡ? 1888ರ ಮುಂಬಯಿ ಮಹಾನಗರ ಪಾಲಿಕೆ ಕಾಯ್ದೆಯ ಕಲಂ 342ರಲ್ಲಿ ಇದಕ್ಕೆ ಉತ್ತರವಿದೆ. 'ಟೆನೆಂಟೆಬಲ್ ರಿಪೇರಿ', ಅಂದರೆ ಮನೆ ವಾಸಕ್ಕೆ ಸರಿಯಾಗಿರಲು ಮಾಡುವ ಸಾಮಾನ್ಯ ದುರಸ್ತಿ ಕೆಲಸಗಳಿಗೆ ಪಾಲಿಕೆಯ ಪರವಾನಗಿ ಬೇಡ. ಪ್ಲಾಸ್ಟರ್, ಬಣ್ಣ, ನೆಲದ ಟೈಲ್ಸ್ ಬದಲಿಸುವುದು, ಸಂಡಾಸು-ಬಾತ್‌ರೂಮ್ ರಿಪೇರಿ, ಡ್ರೈನೇಜ್ ಪೈಪು, ನಲ್ಲಿ, ವೈರಿಂಗ್ ಎಲ್ಲ ಇದರಲ್ಲೇ ಬಂತು. ಮಾಡನ್ನು ಅದೇ ಸಾಮಗ್ರಿಯಿಂದ ಬದಲಿಸುವುದೂ ಸೇರಿದೆ. ಆದರೆ ಮನೆಯ ಉದ್ದ, ಅಗಲ, ಎತ್ತರ ಬದಲಾಯಿತೋ, ಭಾರ ಹೊರುವ ಗೋಡೆ ಅಥವಾ ಕಂಬಕ್ಕೆ ಕೈ ಹಾಕಿದಿರೋ, ನೆಲ ತಗ್ಗಿಸಿದಿರೋ, ಹೊಸ ಅಟ್ಟ ಹಾಕಿದಿರೋ, ಆಗ ಅದು ಟೆನೆಂಟೆಬಲ್ ಅಲ್ಲ. ಲಾಫ್ಟ್ ಹಾಕುವುದೂ ಈ ಪಟ್ಟಿಯಲ್ಲಿದೆ ಅಂದರೆ ಯಾರೂ ನಂಬುವುದಿಲ್ಲ. ಕಾಯ್ದೆ ತೆಗೆದು ತೋರಿಸಬೇಕಾಗುತ್ತದೆ.

ಗೋಡೆಯ ವಿಷಯಕ್ಕೆ ಬರೋಣ. ಹೆಚ್ಚು ಅನಾಹುತ ಆಗುವುದು ಇಲ್ಲೇ. "ಸಾಬ್, ಯೇ ತೋ ಪಾರ್ಟಿಶನ್ ಹೈ, ತೋಡ್ ದೇಂಗೆ" ಅನ್ನುವ ಮಿಸ್ತ್ರಿಯ ಮಾತು ಕೇಳಿ ಗೋಡೆ ಒಡೆಯಬೇಡಿ. ಕಂಬ-ತೊಲೆಯ ಆರ್‌ಸಿಸಿ ಕಟ್ಟಡದಲ್ಲಿ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಸಾಮಾನ್ಯವಾಗಿ ಬರೀ ಪಾರ್ಟಿಶನ್ನೇ. ಆದರೂ ಅದನ್ನು ಹೇಳಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್, ಅದೂ ಕಾಗದದ ಮೇಲೆ. ಹಳೆಯ ಲೋಡ್ ಬೇರಿಂಗ್ ಕಟ್ಟಡದಲ್ಲಿ ಇಡೀ ಮನೆಯ ಭಾರ ಗೋಡೆಯ ಮೇಲೇ ನಿಂತಿರುತ್ತದೆ. ಹೊಸ ಟವರುಗಳಲ್ಲಿ ಇನ್ನೊಂದು ಬಗೆ. ಮಿವಾನ್ ಎಂಬ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಗೋಡೆಗಳು, ಪೂರ್ತಿ ಕಾಂಕ್ರೀಟು. ಅಲ್ಲಿ ವೈರಿಂಗಿಗೆ ಉದ್ದುದ್ದ ಗೀರು ಕೊರೆಯುವುದಕ್ಕೂ ಎಂಜಿನಿಯರನ್ನು ಕೇಳಿ.

ಪಾಲಿಕೆಯ ಪರವಾನಗಿ ಬೇಡ ಅಂದರೂ ಸೊಸೈಟಿಯ ಲಿಖಿತ ಅನುಮತಿ ಬೇಕು. ಅರ್ಜಿಯಲ್ಲಿ 'ಇಂಟೀರಿಯರ್ ಕೆಲಸ' ಎಂದು ಒಂದು ಸಾಲು ಗೀಚಿ ಕೊಟ್ಟರೆ ನಾನು ವಾಪಸ್ ಕಳಿಸುತ್ತೇನೆ. ಯಾವ ಕೋಣೆ, ಏನು ಒಡೆಯುತ್ತೀರಿ, ಏನು ಕಟ್ಟುತ್ತೀರಿ, ಯಾವ ತಾರೀಖಿನಿಂದ, ಯಾವ ಕಾಂಟ್ರಾಕ್ಟರ್, ರಾಬಿಟ್ (ಒಡೆದ ಇಟ್ಟಿಗೆ-ಸಿಮೆಂಟಿನ ಕಸ) ಎಲ್ಲಿಗೆ ಹೋಗುತ್ತದೆ, ಇಷ್ಟನ್ನೂ ಬರೆಯಿರಿ. ನಕ್ಷೆಯ ಜೆರಾಕ್ಸ್ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಲಗತ್ತಿಸಿ. ಕಮಿಟಿಯವರು ಅರ್ಧ ಗಂಟೆ ಚರ್ಚೆ ಮಾಡುವುದು ತಪ್ಪುತ್ತದೆ. ನಿಮ್ಮ ಅರ್ಜಿಯ ಪ್ರತಿಯ ಮೇಲೆ ಸೊಸೈಟಿಯ ಸಿಕ್ಕಾ (ಮೊಹರು) ಮತ್ತು ತಾರೀಖು ಹಾಕಿಸಿಕೊಳ್ಳಿ. ಡಿಪಾಸಿಟ್ ಕೇಳಿದರೆ ಕೊಡಿ, ಆದರೆ ವಾಪಸ್ ಬರುವ ಡಿಪಾಸಿಟ್ ಎಂದು ರಸೀದಿಯಲ್ಲೇ ಬರೆಸಿಕೊಳ್ಳಿ. 30 ವರ್ಷ ದಾಟಿದ ಕಟ್ಟಡವಾದರೆ ಸ್ಟ್ರಕ್ಚರಲ್ ಆಡಿಟ್ ವರದಿಯನ್ನೂ ಕೇಳಿ ಓದಿ. ವರದಿಯಲ್ಲಿ 'ಸಿ1' ಅಂತ ಇದ್ದರೆ ಕಟ್ಟಡ ಕೆಡವಬೇಕಾದದ್ದು ಅಂತ ಅರ್ಥ. ಅಲ್ಲಿ ಇಟಾಲಿಯನ್ ಮಾರ್ಬಲ್ ಹಾಕುವುದು ಯಾಕೆ?

ಬಾತ್‌ರೂಮ್ ಇದ್ದಲ್ಲೇ ರಿಪೇರಿಯಾಗಲಿ. ಕೆಳಗಿನ ಮನೆಯ ಬೆಡ್‌ರೂಮಿನ ಮೇಲೆ ನಿಮ್ಮ ಸಂಡಾಸು ಬರುವ ಹಾಗೆ ಜಾಗ ಬದಲಿಸುತ್ತೇನೆ ಅಂದರೆ ನಮ್ಮ ಕಮಿಟಿಯಂತೂ ಒಪ್ಪುವುದಿಲ್ಲ. ಟೈಲ್ಸ್ ಕಿತ್ತ ಮೇಲೆ ವಾಟರ್‌ಪ್ರೂಫಿಂಗ್ ಮಾಡಿಸಿ, ನಾಣಿ ಟ್ರ್ಯಾಪಿನ (ನೆಲದಲ್ಲಿ ನೀರು ಹೋಗುವ ತೂತಿನ) ಬಾಯಿ ಕಟ್ಟಿ, ನೀರು ನಿಲ್ಲಿಸಿ ಒಂದೆರಡು ದಿನ ಬಿಡಿ. ಕೆಳಗಿನ ಮನೆಯ ಅಕ್ಕನನ್ನು ಕರೆದು ಅವರ ಮನೆಯ ಸೀಲಿಂಗ್ ಅವರೆದುರೇ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಅದು ಒಣಗಿದೆ ಅಂತ ಖಾತ್ರಿಯಾದ ಮೇಲೇ ಹೊಸ ಟೈಲ್ಸ್.

ಪಾಲಿಕೆಯ ಪರವಾನಗಿ ಬೇಕೇ ಬೇಕು ಅನ್ನುವ ಕೆಲಸವಾದರೆ ನಿಮ್ಮ ಓಡಾಟ ಅಷ್ಟಿಲ್ಲ, ಖರ್ಚು ಇದೆ. ಆರ್ಕಿಟೆಕ್ಟ್ ಅಥವಾ ಲೈಸೆನ್ಸ್ಡ್ ಸರ್ವೇಯರ್ ಪಾಲಿಕೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ನಕ್ಷೆ ಹಾಕುತ್ತಾರೆ. ಜೊತೆಗೆ ಸ್ಟ್ರಕ್ಚರಲ್ ಎಂಜಿನಿಯರ್ ಇರಬೇಕು. ನಿಯಮಗಳೆಲ್ಲ ಡಿಸಿಪಿಆರ್ 2034 ಎಂಬ ಮುಂಬಯಿಯ ಕಟ್ಟಡ ನಿಯಮಾವಳಿಯಲ್ಲಿವೆ. ನೀವು ಕೊಡಬೇಕಾದದ್ದು ಮನೆಯ ಒಡೆತನದ ಕಾಗದ, ಸೊಸೈಟಿಯ ಎನ್‌ಒಸಿ, ಹಳೆಯ ನಕ್ಷೆ ಮತ್ತು ಫೀಸು. ಆರ್ಕಿಟೆಕ್ಟ್‌ಗೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನ ನೋಂದಣಿ ಇದೆಯೇ ಎಂದು ನೋಡಿಕೊಳ್ಳಿ. ಇಂಟೀರಿಯರ್ ಡಿಸೈನರ್ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಈ ಸಹಿ ಅವರದ್ದಲ್ಲ.

ಮುಂಬಯಿಯ ಎಲ್ಲ ಕಟ್ಟಡಕ್ಕೂ ಪಾಲಿಕೆಯೇ ಯಜಮಾನ ಅಲ್ಲ. ವಿಕ್ರೋಲಿಯ ಕನ್ನಮ್ವಾರ್ ನಗರದಂಥ ಮ್ಹಾಡಾ (ರಾಜ್ಯದ ವಸತಿ ಪ್ರಾಧಿಕಾರ) ಕಾಲೊನಿಯಾದರೆ 2018ರಿಂದ ನಕ್ಷೆ ಮಂಜೂರಾತಿ ಮ್ಹಾಡಾದ್ದೇ. ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ, ಅಂದರೆ ಎಸ್‌ಆರ್‌ಎ ಕಟ್ಟಡಕ್ಕೆ ಎಸ್‌ಆರ್‌ಎ. ದಕ್ಷಿಣ ಮುಂಬಯಿಯ ಸೆಸ್ (ರಿಪೇರಿಗೆಂದು ಕಟ್ಟುವ ಉಪಕರ) ಕಟ್ಟುವ ಹಳೆಯ ಕಟ್ಟಡಗಳಲ್ಲಿ ಮ್ಹಾಡಾದ ರಿಪೇರಿ ಮಂಡಳಿಯನ್ನು ಮೊದಲು ಕೇಳಬೇಕು. ಬೈಠಿ ಚಾಳಿನ (ನೆಲಮಟ್ಟದ ಸಾಲುಮನೆಯ) ಮನೆಯಾದರೆ, 17 ಏಪ್ರಿಲ್ 1964ಕ್ಕೆ ಮುಂಚಿನ ವಸತಿ ಎನ್ನುವುದಕ್ಕೆ ಆಧಾರ ಹುಡುಕಿ; ಅಂಥದ್ದನ್ನು ಪಾಲಿಕೆ ಸಹಿಸಿಕೊಳ್ಳುತ್ತದೆ. ಅಜ್ಜನ ಕಾಲದ ಟ್ಯಾಕ್ಸ್ ಅಸೆಸ್‌ಮೆಂಟ್ ಚೀಟಿ ಆಗ ಬಂಗಾರ.

ಹೇಳದೆ ಕೇಳದೆ ಮಾಡಿದರೆ? ಕೆಲಸ ನಡೆಯುತ್ತಿರುವಾಗಲೇ ಸಿಕ್ಕಿಬಿದ್ದರೆ ಪಾಲಿಕೆ ಕಾಯ್ದೆಯ ಕಲಂ 354ಎ ಅಡಿ ಕೆಲಸ ನಿಲ್ಲಿಸುವ ನೋಟಿಸು. ಮುಗಿದ ಮೇಲಾದರೆ ಕಲಂ 351, ಇಲ್ಲವೇ ಎಂಆರ್‌ಟಿಪಿ, ಅಂದರೆ ಮಹಾರಾಷ್ಟ್ರದ ನಗರ ಯೋಜನಾ ಕಾಯ್ದೆಯ ಕಲಂ 53 ಅಡಿ ಅನಧಿಕೃತ ಕೆಲಸಕ್ಕೆ ನೋಟಿಸು. ದೂರು ಕೊಡುವುದು ಹೆಚ್ಚಾಗಿ ಪಕ್ಕದ ಮನೆಯವರೇ. ನೋಟಿಸು ಬಂದರೆ ಕೊಟ್ಟ ಗಡುವಿನೊಳಗೆ ನಕ್ಷೆ, ಅನುಮತಿಯ ಸಮೇತ ಲಿಖಿತ ಉತ್ತರ ಕೊಡಿ. "ನಾನು ಮಾತಾಡ್ತೀನಿ, ಸೆಟ್ಲ್ ಮಾಡ್ತೀನಿ" ಅನ್ನುವ ಮಧ್ಯವರ್ತಿಗೆ ದುಡ್ಡು ಕೊಟ್ಟರೆ ದುಡ್ಡೂ ಹೋಗುತ್ತದೆ, ಗಡುವೂ ಹೋಗುತ್ತದೆ.

ಕೊನೆಗೆ ರಾಬಿಟ್. ಗೋಣಿಚೀಲದಲ್ಲಿ ತುಂಬಿ ರಾತ್ರಿ ನಾಲೆಯ ಪಕ್ಕ ಸುರಿಯುವ ಟೆಂಪೋದವರು ಅಗ್ಗಕ್ಕೆ ಸಿಗುತ್ತಾರೆ. ಬೇಡ. ಪಾಲಿಕೆಯ 'ಡೆಬ್ರಿಸ್ ಆನ್ ಕಾಲ್' ಸೇವೆ ಇದೆ, ವಾರ್ಡ್ ಆಫೀಸಿನಲ್ಲಿ ವಿಚಾರಿಸಿ. ಒಯ್ದ ಚೀಟಿ, ಎಂಜಿನಿಯರ್ ಪತ್ರ, ನೀರು ನಿಲ್ಲಿಸಿದ ಫೋಟೋ, ಮೂರನ್ನೂ ಸೊಸೈಟಿಗೆ ಕೊಟ್ಟು ಡಿಪಾಸಿಟ್ ವಾಪಸ್ ಕೇಳಿ.