ಹಳೆ ಗಾಜು ಕೈಗೆ ಬಂದರೆ ಮೊದಲು ತಳ ನೋಡಿ

ಅಜ್ಜಿಯ ಗಾಜಿನ ಸಾಮಾನು ಕೈಗೆ ಬಂದ ಕೂಡಲೇ ಈಗಿನವರು ಅದನ್ನು ಪಾತ್ರೆ ತೊಳೆಯುವ ಮೆಷಿನ್‌ಗೆ ತುರುಕುತ್ತಾರೆ. ಆಮೇಲೆ ಫೋಟೋ ತೆಗೆದು "ಎಷ್ಟಕ್ಕೆ ಹೋಗುತ್ತೆ" ಅಂತ ಕೇಳುತ್ತಾರೆ. ನನ್ನ ಸೊಸೆ ಹೀಗೇ ಒಂದು ಒಳ್ಳೆ ಹೂದಾನಿಯನ್ನು ಮಂಜು ಕವಿದ ಹಾಗೆ ಮಾಡಿಟ್ಟಳು. ಅದು ಕೊಳೆ ಅಲ್ಲ, ಗಾಜಿನ ಮೈಯೇ ಸವೆದದ್ದು, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬಟ್ಟೆ ಹಾಸಿದ ಟಬ್ಬು, ಉಗುರುಬೆಚ್ಚಗಿನ ನೀರು, ಚೂರು ಸೋಪು, ಸಾಕು. 

ಕೆತ್ತನೆ ಇದ್ದರೆ ಬೆರಳು ಸವರಿ. ಕೈಯಲ್ಲಿ ಕತ್ತರಿಸಿದ್ದಾದರೆ ಅಂಚು ಚುರುಕ್ ಅನ್ನುತ್ತದೆ. ಅಚ್ಚಿನಲ್ಲಿ ಒತ್ತಿದ್ದು ನುಣುಪು, ಪಕ್ಕದಲ್ಲಿ ಅಚ್ಚು ಕೂಡಿದ ಗೆರೆಯೂ ಕಾಣಬಹುದು. ಅಚ್ಚಿನದು ಅಂತ ಮೂಗು ಮುರಿಯಬೇಡಿ, 1820ರ ದಶಕದಲ್ಲೇ ಅಮೆರಿಕದಲ್ಲಿ ಮೆಷಿನ್ನಿನಲ್ಲಿ ಗಾಜು ಒತ್ತುತ್ತಿದ್ದರು. ತಳದ ನಡುವೆ ಒರಟು ಗಾಯ ಇದ್ದರೆ ಊದಿ ಮಾಡಿದ್ದು, ಸಲಾಕೆಯಿಂದ ಬಿಡಿಸಿದ ಜಾಗ ಅದು. ಹಾಗಂತ ಹಳೆಯದೇ ಅಂತ ಕುಣಿಯಬೇಡಿ, ಇವತ್ತು ಊದಿದ್ದಕ್ಕೂ ಆ ಗಾಯ ಇರಬಹುದು.

ಈಗ ನನ್ನ ಕೆಲಸ ನೋಡಿ, ತಳದಲ್ಲಿ ಮಾಡಿದವರ ಗುರುತು ಹುಡುಕುವುದು. ರಾತ್ರಿ ದೀಪ ಆರಿಸಿ, ಕಪ್ಪು ಬಟ್ಟೆ ನಾಲ್ಕು ಮಡಿಕೆ ಹಾಕಿ ಅದರ ಮೇಲೆ ಸಾಮಾನನ್ನು ಬೋರಲು ಇಡಿ. ಟಾರ್ಚನ್ನು ಮೇಲಿಂದ ಬಿಡಬೇಡಿ, ಪಕ್ಕದಿಂದ ಮಲಗಿಸಿ, ಬೆಳಕು ತಳವನ್ನು ಸವರಿಕೊಂಡು ಹೋಗಬೇಕು. ಈಗ ಬಾಯಿ ಅಗಲ ತೆರೆದು ಹಾ... ಅಂತ ಉಸಿರು ಬಿಡಿ. ಊದಬೇಡಿ! ಊದಿದರೆ ತಣ್ಣನೆ ಗಾಳಿ, ಹಬೆ ಕೂರುವುದಿಲ್ಲ. ಹಬೆ ಆರುವ ಆ ಒಂದೆರಡು ಕ್ಷಣದಲ್ಲಿ, ಆಸಿಡ್‌ನಿಂದ ಹಾಕಿದ ಗುರುತು ಇದ್ದರೆ ಮಸುಕಾಗಿ ಮೂಡಿ ಮಾಯವಾಗುತ್ತದೆ. ಬೆರಳಷ್ಟು ತಿರುಗಿಸಿ, ಮತ್ತೆ ಉಸಿರು, ಮತ್ತೆ ತಿರುಗಿಸಿ. ಗುರುತು ನಡುವೆಯೇ ಇರಬೇಕು ಅಂತಿಲ್ಲ, ಅಂಚಿನಲ್ಲೂ ಅಡಗಿರುತ್ತದೆ. ನಮ್ಮತ್ತೆ ಬೀಗದ ಕೈ ಹಾಕಿಡುತ್ತಿದ್ದ ಬಟ್ಟಲು 30 ವರ್ಷ ಅನಾಮಧೇಯವಾಗಿ ಕೂತಿತ್ತು. ನಾಲ್ಕನೇ ಉಸಿರಿಗೆ ಮಸುಕು ಅಕ್ಷರ ಕಂಡವು! ಅತ್ತೆ ಇದ್ದಿದ್ದರೆ "ಬೀಗದ ಕೈ ಎಲ್ಲಿಟ್ಟೆ" ಅಂತಲೇ ಕೇಳುತ್ತಿದ್ದರು.

ಅದೇ ಬೆಳಕಿನಲ್ಲಿ ತಳದ ಗೀರೂ ನೋಡಿ. ವರ್ಷಗಟ್ಟಲೆ ಎತ್ತಿ ಇಳಿಸಿದ್ದಾದರೆ ನೆಲಕ್ಕೆ ತಾಗುವ ಕಡೆ ಸಣ್ಣ ಗೀರುಗಳು ಎತ್ತೆತ್ತಲೋ ಓಡಿರುತ್ತವೆ. ಎಲ್ಲ ಒಂದೇ ದಿಕ್ಕಿಗಿದ್ದರೆ ಯಾರೋ ಮರಳು ಕಾಗದ ಉಜ್ಜಿರಬಹುದು. ಹೆಸರು ಸಿಕ್ಕರೂ ತಕ್ಷಣ ನಂಬಬೇಡಿ. ಫ್ರಾನ್ಸಿನ ಹೆಸರಾಂತ ಲಾಲಿಕ್ ಗಾಜಿನ ಸಾಮಾನಿಗೆ 'ಆರ್' ಅಕ್ಷರ ಸೇರಿದ ಸಹಿ, ಅದನ್ನು ಶುರು ಮಾಡಿದ ರೆನೆ ಲಾಲಿಕ್ 1945ರಲ್ಲಿ ತೀರಿಕೊಳ್ಳುವವರೆಗಿನದು, ಹಾಗಾಗಿಯೇ ಆ 'ಆರ್' ಅನ್ನು ಆಮೇಲೆ ಕೊರೆದು ಸೇರಿಸುವವರೂ ಇದ್ದಾರೆ. ಮುಚ್ಚಳ ಇರುವ ಸೀಸೆಯಾದರೆ ಮುಚ್ಚಳದ ಮೇಲೂ ಕತ್ತಿನ ಮೇಲೂ ಒಂದೇ ಸಂಖ್ಯೆ ಗೀಚಿದೆಯಾ ನೋಡಿ, ಇದ್ದರೆ ಜೋಡಿ ಅಸಲಿ.

ಹಳದಿ ಹಸಿರು ಗಾಜು ಯುವಿ (ಅತಿನೇರಳೆ ಬೆಳಕಿನ) ಟಾರ್ಚಿಗೆ ಕಣ್ಣು ಕುಕ್ಕುವ ಹಾಗೆ ಹಸಿರಾದರೆ ಅದರಲ್ಲಿ ಯುರೇನಿಯಂ ಇದೆ. ಭಾರವಾಗಿದ್ದು ತಟ್ಟಿದರೆ ಗಂಟೆಯಂತೆ ಉಲಿಯುವುದು ಸೀಸ ಬೆರೆತ ಗಾಜು ಇರಬಹುದು, ಅದರಲ್ಲಿ ಕುಡಿಯುವುದೇನನ್ನೂ ತುಂಬಿಡಬೇಡಿ.

ಕಂಡದ್ದನ್ನೆಲ್ಲ ಚೀಟಿಯಲ್ಲಿ ಪೆನ್ಸಿಲ್ಲಿಂದ ಬರೆದು ಒಳಗೆ ಹಾಕಿ. ಚಿನ್ನದ ಗೆರೆಯ ಮೇಲೆ ಸೆಲ್ಲೋಟೇಪ್ ಅಂಟಿಸಿ ಆಮೇಲೆ ನನ್ನ ಹತ್ತಿರ ಅಳುತ್ತಾ ಬರಬೇಡಿ.