ನಾಯಿ, ಬೆಕ್ಕು ಸಾಕಿದ ಮನೆಗೆ ರೇಬೀಸ್ ಬಾರದಂತೆ

ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವವರು ತೀರಾ ವಿರಳ. ಮಾಡುವುದೆಲ್ಲ ಅದಕ್ಕೆ ಮುಂಚೆಯೇ ಆಗಬೇಕು.

ಮೊದಲು ಪ್ರಾಣಿಗೆ ಲಸಿಕೆ. ಮರಿಗೆ ಮೂರು ತಿಂಗಳು ತುಂಬುತ್ತಲೇ ಮೊದಲ ಡೋಸ್. ಅದಕ್ಕಿಂತ ಬೇಗ ಕೊಟ್ಟರೆ ತಾಯಿಯಿಂದ ಬಂದ ರೋಗನಿರೋಧಕ ಅಂಶ ಲಸಿಕೆಯನ್ನು ಮಂಕಾಗಿಸಬಹುದು. ಮೂರ್ನಾಲ್ಕು ವಾರಕ್ಕೆ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ. ಬೂಸ್ಟರ್ ಮರೆಯಬೇಡಿ. ಫ್ಲ್ಯಾಟ್ ಬಿಟ್ಟು ಹೊರಹೋಗದ ಬೆಕ್ಕಿಗೂ ಹಾಕಿಸಿ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಹೆಪ್ಪುಗಟ್ಟಲೂಬಾರದು. ಮೆಡಿಕಲ್ ಶಾಪಿನಲ್ಲಿ ಕೊಂಡರೆ ಐಸ್ ಪ್ಯಾಕ್ ಜೊತೆ ಒಯ್ಯಿರಿ. ಸೀಸೆಯ ಸ್ಟಿಕ್ಕರನ್ನು ಕಾರ್ಡಿಗೆ ಅಂಟಿಸಿಕೊಳ್ಳಿ. ಬ್ಯಾಚ್ ನಂಬರ್, ಅವಧಿ ಅದರಲ್ಲೇ ಇರುತ್ತದೆ. ಬೆಂಗಳೂರಿನಲ್ಲಾದರೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು.

ಕಚ್ಚಿತೋ, ಪರಚಿತೋ, ಗಾಯವನ್ನು ನೆಕ್ಕಿತೋ, ಆ ಕ್ಷಣವೇ ನಲ್ಲಿಯ ಕೆಳಗೆ ಹಿಡಿಯಿರಿ. ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಿರಿ. ಎರಡು ನಿಮಿಷಕ್ಕೇ ಸಾಕೆನಿಸುತ್ತದೆ, ಬಿಡಬೇಡಿ: ವೈರಸ್‌ನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಬಳಿಕ ಪೊವಿಡೋನ್ ಅಯೋಡಿನ್ ಎಂಬ ನಂಜುನಿರೋಧಕ ಹಚ್ಚಿ. ಅರಿಶಿನ, ಸುಣ್ಣ, ಕಾಫಿ ಪುಡಿ, ಖಾರದ ಪುಡಿ ಬೇಡವೇ ಬೇಡ. ಬಿಗಿಯಾಗಿ ಬ್ಯಾಂಡೇಜ್ ಕಟ್ಟಬೇಡಿ.

ಅಂದೇ ಆಸ್ಪತ್ರೆಗೆ ಹೋಗಿ. ರಕ್ತ ಬಾರದ ಗೀರಿಗೂ ಲಸಿಕೆ ಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ರೋಗನಿರೋಧಕ ಅಂಶ) ಕೂಡ ಬೇಕು. ಇದನ್ನು ಕೇಳಿ ಹಾಕಿಸಿಕೊಳ್ಳಿ. ಲಸಿಕೆ ಕೆಲಸ ಆರಂಭಿಸಲು ವಾರದ ಮೇಲೆ ಹಿಡಿಯುತ್ತದೆ, ಅಲ್ಲಿಯವರೆಗೆ ನಿಮ್ಮನ್ನು ರಕ್ಷಿಸುವುದು ಇದೇ. ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ, ಪ್ರಮಾಣ ದೇಹದ ತೂಕದ ಮೇಲೆ. ಹೊಲಿಗೆ ಬೇಕಾದರೂ ಅದಾದ ಮೇಲೆಯೇ.

ಸ್ನಾಯುವಿಗೆ ಹಾಕುವ ಲಸಿಕೆಯಾದರೆ 0, 3, 7, 14, 28ನೇ ದಿನ. ಚರ್ಮದೊಳಗೆ ಹಾಕುವುದಾದರೆ 0, 3, 7, 28. ಮೊದಲ ಚುಚ್ಚುಮದ್ದಿನ ದಿನವೇ 0. ದೊಡ್ಡವರಿಗೆ ತೋಳಿಗೆ, ಚಿಕ್ಕ ಮಕ್ಕಳಿಗೆ ತೊಡೆಗೆ. ಪೃಷ್ಠಕ್ಕೆ ಮಾತ್ರ ಬೇಡ. ಅಲ್ಲಿನ ಕೊಬ್ಬಿನಲ್ಲಿ ಸೇರಿದರೆ ಲಸಿಕೆ ಸರಿಯಾಗಿ ಕೆಲಸ ಮಾಡದು. ಹಿಂದೆ ಪೂರ್ತಿ ಕೋರ್ಸ್ ಆಗಿದ್ದರೆ 0 ಮತ್ತು 3ನೇ ದಿನ ಎರಡೇ ಡೋಸ್, ಚೀಟಿ ತೋರಿಸಿ.

ಕಚ್ಚಿದ ನಾಯಿ ಅಥವಾ ಬೆಕ್ಕು ಕಣ್ಣೆದುರಿಗೇ ಇದ್ದರೆ 10 ದಿನ ಗಮನಿಸಿ, ಆದರೆ ಚುಚ್ಚುಮದ್ದನ್ನು ಅದಕ್ಕಾಗಿ ತಡಮಾಡಬೇಡಿ. ನಿಮ್ಮ ನಾಯಿಗೇ ಬೀದಿನಾಯಿ ಕಚ್ಚಿದ್ದರೆ ಕೈಗವಸು ಹಾಕಿ ಗಾಯ ತೊಳೆದು, ಲಸಿಕೆಯಾಗಿದ್ದರೂ ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಬೈಗುಳಕ್ಕೆ ಹೆದರಿ ಮಕ್ಕಳು ಗೀರನ್ನು ಮುಚ್ಚಿಡುತ್ತಾರೆ. ಬೈಯುವುದಿಲ್ಲ, ಹೇಳು ಎಂದು ಇವತ್ತೇ ತಿಳಿಸಿ.